ಗೀರು ಬಿದ್ದದ್ದು ಹೇಗೆ?

ನಮ್ಮ ಕೋಣೆಯ ಮೇಜಿನ ಮೇಲೆ ಎಂಟು ರೋಬೊಗಳು ನಿಂತಿವೆ. ದೊಡ್ಡದು ಹೆಬ್ಬೆರಳಿನಷ್ಟು ಎತ್ತರ, ಚಿಕ್ಕದು ಅದರ ಅರ್ಧ. ಏಳಕ್ಕೆ ಪೂರ್ತಿ ಬಣ್ಣ ಆಗಿದೆ. ಎಂಟನೆಯದರ ಬಲಗಾಲು ಮಾತ್ರ ಇನ್ನೂ ಬೂದು ಪ್ರೈಮರ್‌ನಲ್ಲೇ ಇದೆ. ಕೋಣೆಗೆ ಬಂದವರ ಕಣ್ಣು ಮೊದಲು ಹೋಗುವುದು ಆ ಕಾಲಿಗೇ. ‘ಬಣ್ಣ ಮುಗೀತೇನು?’ ಅನ್ನುತ್ತಾರೆ. ‘ಇಲ್ಲ, ಹಂಗ ಬಿಟ್ಟೇವಿ’ ಅಂದು ಚಹಾಕ್ಕೆ ಕರೆದುಕೊಂಡು ಹೋಗುತ್ತೇವೆ. ಒಂದು ವರ್ಷದಿಂದ ಹೀಗೇ ನಡೆದಿದೆ. ಇಲ್ಲಿಯಾದರೂ ಸರಿಯಾದ ಉತ್ತರ ಬರೆದುಬಿಡೋಣ ಅನ್ನಿಸಿತು.

ನಾವು ಅಂದರೆ ಇಬ್ಬರು. ಒಂದೇ ವರ್ಷ ಪತ್ರಿಕೋದ್ಯಮ ಡಿಪ್ಲೊಮಾ ಮುಗಿಸಿದವರು, ಇಬ್ಬರೂ ಗದಗ ಜಿಲ್ಲೆಯಲ್ಲಿ ಸ್ಟ್ರಿಂಗರ್‌ಗಳು, ಬೇರೆ ಬೇರೆ ಪತ್ರಿಕೆಗಳಿಗೆ. ಕಾಗದದ ಮೇಲೆ ಪ್ರತಿಸ್ಪರ್ಧಿಗಳು. ವಾಸ್ತವದಲ್ಲಿ ಕೋಣೆ ಒಂದೇ, ಬೈಕು ಒಂದೇ, ಎಷ್ಟೋ ದಿನ ಸುದ್ದಿಯೂ ಒಂದೇ. ನಾಲ್ಕು ಸಾಲು ಹಿಂದೆ ಮುಂದೆ ಮಾಡಿ ಎರಡು ಡೆಸ್ಕಿಗೆ ಕಳಿಸುತ್ತೇವೆ. ಇದು ಈ ವೃತ್ತಿಯಲ್ಲಿರುವವರಿಗೆ ಹೊಸತೇನಲ್ಲ. ಈ ಬರಹ ಟೈಪ್ ಮಾಡುತ್ತಿರುವುದು ಒಬ್ಬರೇ ಆದರೂ ‘ನಾನು’ ಎಂದು ಬರೆಯಲು ಆಗುತ್ತಿಲ್ಲ. ಯಾಕೆಂದು ಮುಂದೆ ಓದಿದರೆ ತಿಳಿಯುತ್ತದೆ.

ರೋಬೊಗಳು ಬಂದದ್ದು ಬೆಂಗಳೂರಿನ ಗೆಳೆಯನೊಬ್ಬನಿಂದ. ಸಾಫ್ಟ್‌ವೇರ್ ಕೆಲಸದವನು, ವಿದೇಶಕ್ಕೆ ಹೊರಟಿದ್ದ, ಮನೆ ಖಾಲಿ ಮಾಡುತ್ತಿದ್ದ. ಪುಸ್ತಕ, ಮಿಕ್ಸರ್, ಒಂದು ಹಳೇ ಟೇಬಲ್ ಫ್ಯಾನ್ ಜೊತೆಗೆ ಈ ಡಬ್ಬಿಯನ್ನೂ ಕೊಟ್ಟ. ‘ತಗೊಂಡಾಗಿನಿಂದ ಬಣ್ಣ ಹಚ್ಚಾಕ ಟೈಮ್ ಸಿಕ್ಕಿಲ್ಲ, ನೀವಾದ್ರೂ ಹಚ್ರಿ’ ಅಂದ. ಮೊದಲು ಅದನ್ನು ಅಕ್ಕನ ಮಗನಿಗೆ ಕೊಡುವ ವಿಚಾರವಿತ್ತು. ಡಬ್ಬಿ ತೆರೆದ ರಾತ್ರಿ ಆ ವಿಚಾರ ಬಿಟ್ಟೆವು.

ಆಟದ ಹೆಸರು ಬ್ಯಾಟಲ್‌ಟೆಕ್. 1984ರಲ್ಲಿ ಅಮೆರಿಕದ ಷಿಕಾಗೊ ನಗರದ ಫಾಸಾ ಎಂಬ ಕಂಪನಿ ಇದನ್ನು ‘ಬ್ಯಾಟಲ್‌ಡ್ರಾಯ್ಡ್ಸ್’ ಎಂಬ ಹೆಸರಿನಲ್ಲಿ ಹೊರತಂದಿತು. ‘ಡ್ರಾಯ್ಡ್’ ಪದ ತಮಗೆ ಸೇರಿದ್ದು ಎಂದು ‘ಸ್ಟಾರ್ ವಾರ್ಸ್’ ಸಿನಿಮಾದ ಲುಕಾಸ್‌ಫಿಲ್ಮ್‌ನವರು ತಕರಾರು ತೆಗೆದ ಮೇಲೆ ಹೆಸರು ಬದಲಾಯಿತು. ಕಥೆ ನಡೆಯುವುದು ಸಾವಿರ ವರ್ಷ ಮುಂದೆ, 3025ರ ಸುಮಾರಿಗೆ. ಮನುಷ್ಯರು ನಕ್ಷತ್ರಗಳಿಗೆ ಹೋಗಿ ನೆಲೆಸಿದ್ದಾರೆ. ಹೋದಲ್ಲೆಲ್ಲ ಅರಸರು, ಜಹಗೀರುದಾರರು, ಗಡಿ ಜಗಳ. ಶತಮಾನಗಳ ಯುದ್ಧದಲ್ಲಿ ಕಾರ್ಖಾನೆಗಳೂ ಹೋಗಿವೆ, ಯಂತ್ರ ಮಾಡುವ ವಿದ್ಯೆಯೂ ಹೋಗಿದೆ. ಹೀಗಾಗಿ ಅಪ್ಪನ ರೋಬೊ ಮಗನಿಗೆ ಬರುತ್ತದೆ, ನಮ್ಮಲ್ಲಿ ಹೊಲ ಬಂದಂತೆ. ಇದರ ಕೈ ಕಿತ್ತು ಅದಕ್ಕೆ ಹಾಕುತ್ತಾರೆ, ಸಿಕ್ಕ ತಗಡು ಬೆಸೆಯುತ್ತಾರೆ, ಮತ್ತೆ ಯುದ್ಧಕ್ಕೆ ಕಳಿಸುತ್ತಾರೆ. ಮೂವತ್ತು ವರ್ಷದ ಟ್ರ್ಯಾಕ್ಟರಿಗೆ ಮೂರು ಕಂಪನಿಯ ಬಿಡಿಭಾಗ ಹಾಕಿ ಓಡಿಸುವುದನ್ನು ನೋಡಿ ಬೆಳೆದ ನಮಗೆ ಈ ಕಥೆ ಒಮ್ಮೆಗೇ ಹಿಡಿಸಿತು.

ಖರೇ ಹೇಳಬೇಕೆಂದರೆ ಇವು ರೋಬೊಗಳೇ ಅಲ್ಲ. ಪ್ರತಿಯೊಂದರ ತಲೆಯೊಳಗೆ ಒಬ್ಬ ಚಾಲಕ ಕೂತಿರುತ್ತಾನೆ. ಆಟದಲ್ಲಿ ಇವಕ್ಕೆ ‘ಮೆಕ್’ ಅನ್ನುತ್ತಾರೆ. ನಾವು ರೋಬೊ ಎಂದೇ ಕರೆಯುತ್ತೇವೆ. ನಮ್ಮ ಡಬ್ಬಿಯಲ್ಲಿದ್ದ ಎಂಟರಲ್ಲಿ ಅತಿ ಹಗುರದ್ದು ಲೋಕಸ್ಟ್, 20 ಟನ್. ಭಾರದ್ದು ಬ್ಯಾಟಲ್‌ಮಾಸ್ಟರ್, 85 ಟನ್. ಲೋಕಸ್ಟ್‌ಗೆ ‘ಮಿಡತೆ’ ಎಂದು ಹೆಸರಿಟ್ಟೆವು. ಹಕ್ಕಿಯ ಹಾಗೆ ಮೊಣಕಾಲು ಹಿಂದಕ್ಕೆ ಮಡಚಿದ ಕ್ಯಾಟಪಲ್ಟ್ ‘ಕೊಕ್ಕರೆ’ ಆಯಿತು. ಥಂಡರ್‌ಬೋಲ್ಟ್ ‘ಸಿಡಿಲು’. 80 ಟನ್ನಿನ ಅವ್ಸಮ್ ಎಂಬುದರ ಗರಿಷ್ಠ ವೇಗ ಗಂಟೆಗೆ 54 ಕಿಲೋಮೀಟರ್. ಅದಕ್ಕೆ ‘ಮುಂಡರಗಿ ಬಸ್ಸು’ ಎಂದು ಹೆಸರಾಯಿತು.

ಬಣ್ಣದ ವಿಷಯದಲ್ಲಿ ನಾವು ಮಾಡದ ತಪ್ಪಿಲ್ಲ. ಮೊದಲು ಸ್ಟೇಷನರಿ ಅಂಗಡಿಯ ಪೋಸ್ಟರ್ ಕಲರ್ ಹಚ್ಚಿದೆವು. ಒಣಗಿದ ಮೇಲೆ ಚೆಂದ ಕಂಡಿತು. ಎರಡು ಸಲ ಕೈಯಲ್ಲಿ ಹಿಡಿದ ಮೇಲೆ ಬಣ್ಣ ಬೆರಳಿಗೆ ಬಂತು. ಆಮೇಲೆ ಅಕ್ರಿಲಿಕ್ ತಂದೆವು. ಅದು ಒಣಗಿದರೆ ನೀರಿಗೆ ಬಿಡುವುದಿಲ್ಲ. ಆದರೆ ಡಬ್ಬಿಯಿಂದ ತೆಗೆದ ಹಾಗೇ ಹಚ್ಚಿದರೆ ಗೋಡೆಗೆ ಡಿಸ್ಟೆಂಪರ್ ಬಳಿದಂತಾಗಿ, ಅಷ್ಟು ಸಣ್ಣ ಗೊಂಬೆಯ ಕೆತ್ತನೆಯೆಲ್ಲ ಮುಚ್ಚಿಹೋಗುತ್ತದೆ. ನೀರು ಬೆರೆಸಿ ಹಾಲಿನಷ್ಟು ತೆಳು ಮಾಡಿಕೊಂಡು ಎರಡು ಮೂರು ಸಲ ಹಚ್ಚಬೇಕು. ಏಪ್ರಿಲ್ ಮಧ್ಯಾಹ್ನ ಟೆರೇಸಿನಲ್ಲಿ ದೂರದಿಂದ ಪ್ರೈಮರ್ ಸ್ಪ್ರೇ ಹೊಡೆದೆವು. ಗದಗಿನ ಬಿಸಿಲಿಗೆ ಅದು ಗಾಳಿಯಲ್ಲೇ ಒಣಗಿ ಗೊಂಬೆಯ ಮೇಲೆ ರವೆಯಂತೆ ಕೂತಿತು. ಮಿಡತೆಯ ಬೆನ್ನು ಇವತ್ತಿಗೂ ತರಿತರಿಯಾಗಿದೆ.

ಅಕ್ರಿಲಿಕ್ ಬೇಗ ಒಣಗುವುದಕ್ಕೆ ಒಂದು ಉಪಾಯ ಕಲಿತೆವು. ಸ್ಟೀಲ್ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ಒದ್ದೆ ಬಟ್ಟೆ ಹಾಸಿ, ಮೇಲೆ ಬೇಕರಿಯವರು ಬಳಸುವ ಬಟರ್ ಪೇಪರ್ ಇಟ್ಟು, ಅದರ ಮೇಲೆ ಬಣ್ಣ ಹಾಕಿಕೊಂಡರೆ ಗಂಟೆಗಟ್ಟಲೆ ಹಸಿ ಇರುತ್ತದೆ. ಮಧ್ಯದಲ್ಲಿ ಡೆಸ್ಕಿನಿಂದ ಫೋನ್ ಬಂದು ಬೆಂಕಿ ಅವಘಡಕ್ಕೆ ಓಡಿದರೂ ವಾಪಸ್ ಬಂದು ಅದೇ ಬಣ್ಣದಲ್ಲಿ ಮುಂದುವರಿಸಬಹುದು. ಗಾಢ ಬಣ್ಣವನ್ನು ನೀರು ನೀರು ಮಾಡಿ ಒಂದು ಹನಿ ಪಾತ್ರೆ ಸೋಪು ಸೇರಿಸಿ ಬಳಿದರೆ ಅದು ತಾನೇ ಹರಿದು ಸಂದುಗಳಲ್ಲಿ ನಿಲ್ಲುತ್ತದೆ, ನೆರಳು ತಾನಾಗಿ ಮೂಡುತ್ತದೆ. ಒಣಕುಂಚದ್ದು ಇದಕ್ಕೆ ತಿರುವು. ಕುಂಚಕ್ಕೆ ತಿಳಿ ಬಣ್ಣ ಹಚ್ಚಿ, ಹೆಚ್ಚುಕಡಿಮೆ ಎಲ್ಲ ಹೋಗುವ ತನಕ ಪೇಪರಿಗೆ ಒರೆಸಿ, ಉಳಿದದ್ದರಿಂದ ಮೃದುವಾಗಿ ಸವರಿದರೆ ಉಬ್ಬಿದ ಅಂಚುಗಳಷ್ಟೇ ಹೊಳೆಯುತ್ತವೆ. ಒರೆಸಲು ನಮ್ಮದೇ ಪತ್ರಿಕೆಗಳು. ಬೈಲೈನ್ ಬಂದ ಪುಟ ಮಾತ್ರ ಮುಟ್ಟುವುದಿಲ್ಲ, ಹೀಗಾಗಿ ಒರೆಸುವುದಕ್ಕೆ ಕಾಗದದ ಕೊರತೆ ಯಾವತ್ತೂ ಆಗಿಲ್ಲ.

ಕುಂಚದ ತುದಿ ಚೂಪಾಗಿಸಲು ತುಟಿಗೆ ಹಚ್ಚುವ ಚಟ ಇಬ್ಬರಿಗೂ ಬಂತು. ಒಳ್ಳೆಯ ಚಟವಲ್ಲ. ಬಣ್ಣದಲ್ಲಿ ಏನೇನಿರುತ್ತದೋ. ಆದರೆ ಬಾಯಿಗೆ ಕುಂಚ ಹಿಡಿದವನೊಬ್ಬನಿಂದಲೇ ‘ರೋಬೊ’ ಎಂಬ ಪದ ಜಗತ್ತಿಗೆ ಬಂದದ್ದು. ಚೆಕ್ ಲೇಖಕ ಕಾರೆಲ್ ಚಾಪೆಕ್ 1920ರಲ್ಲಿ ‘ಆರ್.ಯು.ಆರ್.’ ಎಂಬ ನಾಟಕ ಬರೆಯುತ್ತಿದ್ದಾಗ ಅದರಲ್ಲಿನ ಕೃತಕ ಕೂಲಿಗಳಿಗೆ ಏನೆಂದು ಹೆಸರಿಡಲಿ ಎಂದು ಅಣ್ಣ ಯೋಸೆಫ್‌ನನ್ನು ಕೇಳಿದ. ಯೋಸೆಫ್ ಚಿತ್ರಕಾರ. ಬಾಯಲ್ಲಿ ಕುಂಚ ಕಚ್ಚಿಕೊಂಡು ಚಿತ್ರ ಬರೆಯುತ್ತಿದ್ದವನು ಹಾಗೇ ಗೊಣಗಿದನಂತೆ, ರೋಬೊಟ್ ಅನ್ನು ಎಂದು. ಕಾರೆಲ್ ತಾನೇ ಮುಂದೆ ಪತ್ರಿಕೆಯೊಂದರಲ್ಲಿ ಇದನ್ನು ಹೇಳಿಕೊಂಡಿದ್ದಾನೆ. ಚೆಕ್ ಭಾಷೆಯಲ್ಲಿ ‘ರೊಬೊಟಾ’ ಅಂದರೆ ಜಮೀನುದಾರನಿಗೆ ಮಾಡುವ ಬಿಟ್ಟಿ ಚಾಕರಿ. ಕಾಲಂ ಅಳೆದು ಕಾಸು ಎಣಿಸುವ ನಮಗೆ ಈ ಪದದ ಅರ್ಥ ತಿಳಿದ ದಿನ ನಗು ತಡೆಯಲಾಗಲಿಲ್ಲ. ಆದರೆ ಯೋಸೆಫ್‌ನ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ನಾಜಿಗಳು 1939ರಲ್ಲಿ ಅವನನ್ನು ಬಂಧಿಸಿದರು. 1945ರಲ್ಲಿ, ಯುದ್ಧ ಮುಗಿಯಲು ಕೆಲವೇ ವಾರ ಇರುವಾಗ, ಬೆರ್ಗೆನ್-ಬೆಲ್ಸೆನ್ ಶಿಬಿರದಲ್ಲಿ ಅವನು ಸತ್ತ.

ಮೇಜಿನ ಮೇಲಿನ ಯುದ್ಧದಾಟಕ್ಕೂ ನಿಜ ಯುದ್ಧಕ್ಕೂ ಇಂಥ ಹತ್ತಿರದ ನಂಟು ಮೊದಲಿನಿಂದ ಇದೆ. ಇಂಗ್ಲೆಂಡಿನ ಎಚ್.ಜಿ. ವೆಲ್ಸ್ ಆಟಿಕೆ ಸೈನಿಕರ ಯುದ್ಧಕ್ಕೆ ನಿಯಮ ಬರೆದು ‘ಲಿಟಲ್ ವಾರ್ಸ್’ ಎಂಬ ಪುಸ್ತಕ ತಂದದ್ದು 1913ರಲ್ಲಿ. ಈ ಆಟ ಆಡಿದರೆ ನಿಜ ಯುದ್ಧ ಎಂಥ ದಡ್ಡತನ ಎಂದು ತಿಳಿಯುತ್ತದೆ ಎಂಬ ಅರ್ಥದ ಮಾತನ್ನು ಅದರ ಕೊನೆಗೆ ಹೇಳಿದ್ದಾನೆ. ಮರುವರ್ಷವೇ ಮೊದಲ ಮಹಾಯುದ್ಧ ಶುರುವಾಯಿತು. ಇದನ್ನೆಲ್ಲ ಓದಿದ್ದು ಬಣ್ಣ ಒಣಗುವ ಹೊತ್ತಿನಲ್ಲಿ. ಆಗ ನಮಗೆ ಇದು ಸ್ವಾರಸ್ಯಕರ ಮಾಹಿತಿ, ಅಷ್ಟೇ.

ನಾವು ನಿಜವಾಗಿ ಮನಸೋತದ್ದು ತುಕ್ಕಿಗೆ. ಹೊಸ ಬಣ್ಣ ಹಚ್ಚಿದ ಯಂತ್ರವನ್ನು ಹಳೆಯದಾಗಿಸುವ ಕೆಲಸಕ್ಕೆ ಈ ಹವ್ಯಾಸದಲ್ಲಿ ‘ವೆದರಿಂಗ್’ ಅನ್ನುತ್ತಾರೆ. ಪಾತ್ರೆ ಉಜ್ಜುವ ಸ್ಪಂಜಿನ ಚೂರು ಹರಿದು, ಗಾಢ ಕಂದು ಬಣ್ಣದಲ್ಲಿ ಅದ್ದಿ, ಒರೆಸಿ, ಅಂಚಿಗೆ ಒತ್ತಿದರೆ ಬಣ್ಣ ಕಿತ್ತು ಕಬ್ಬಿಣ ಕಂಡಂತೆ ಆಗುತ್ತದೆ. 6ಬಿ ಪೆನ್ಸಿಲ್ ಅಂಚಿಗೆ ಉಜ್ಜಿದರೆ ಉಕ್ಕಿನ ಹೊಳಪು. ಮಳೆ ನೀರು ಇಳಿದ ಗುರುತಿಗೆ ತೆಳು ಕಿತ್ತಳೆ, ಮೇಲಿನಿಂದ ಕೆಳಗೆ. ಬಂದೂಕಿನ ಬಾಯಿಗೆ ಮಸಿ, ಅದರ ಹಿಂದೆ ಕಾದ ಸೈಲೆನ್ಸರಿನಂತೆ ನೀಲಿ ನೇರಳೆ. ಬುಡಕ್ಕೆ ಡಂಬಳದ ಹತ್ತಿರ ನಮ್ಮ ಪರಿಚಯದವರ ಹೊಲದ ಕೆಂಪು ಮಣ್ಣು ತಂದು, ಹುಳ ಇರಬಾರದೆಂದು ಹಂಚಿನ ಮೇಲೆ ಹುರಿದು, ಅಮ್ಮಂದಿರು ಮೈದಾ ಸೋಸುವ ಜರಡಿಯಲ್ಲಿ ಸೋಸಿ, ಫೆವಿಕಾಲ್‌ನಲ್ಲಿ ಅಂಟಿಸಿದೆವು. ಸೋಸಲೇಬೇಕು. ಈ ಗೊಂಬೆಗಳ ಅಳತೆ ಸುಮಾರು 285ಕ್ಕೆ 1. ಒಂದು ಮಿಲಿಮೀಟರಿನ ಮರಳ ಹರಳು ಅಂದರೆ ರೋಬೊದ ಕಾಲ ಬಳಿ ಒಂದಡಿಗೆ ಸ್ವಲ್ಪ ಕಡಿಮೆಯ ಬಂಡೆ.

ಎಂಟಕ್ಕೂ ಬೇಕಾಬಿಟ್ಟಿ ತುಕ್ಕು ಹಿಡಿಸಿದೆವು. ಗೀರು, ಗುಂಡಿನ ತೂತು, ಮಸಿ. ನೋಡಲು ಭಯಂಕರವಾಗಿದ್ದವು. ಫೋಟೊ ತೆಗೆದು ಗೆಳೆಯನಿಗೆ ಕಳಿಸಿದೆವು. ಹೊಗಳಿಕೆಗೆ ಕಾಯುತ್ತಿದ್ದವರಿಗೆ ಬಂದದ್ದು ಒಂದೇ ಸಾಲು. ‘ಸಿಡಿಲಿನ ಬೆನ್ನ ಮ್ಯಾಲಿನ ಗೀರು ಹೆಂಗ ಬಿತ್ತು?’

ಉತ್ತರ ನಮ್ಮಲ್ಲಿರಲಿಲ್ಲ. ಸುಮ್ಮನೆ ಹಾಕಿದ್ದೆವು. ಅವನು ಮುಂದುವರಿಸಿ ಬರೆದ. ಆರು ಮೀಟರ್ ಮೇಲಿಂದ ಕೆಳಕ್ಕೆ ಅಡ್ಡ ಗೀರು ಬೀಳಬೇಕಾದರೆ ಯಾವುದೋ ವಸ್ತು ಅಲ್ಲಿಗೆ ತಾಗಬೇಕು. ಗೋಡೆಯೋ, ಇನ್ನೊಂದು ರೋಬೊದ ಕೈಯೋ. ಬೆನ್ನಿಗೆ ತಾಗಿದ್ದರೆ ಅದು ತಿರುಗಿ ಓಡುತ್ತಿತ್ತೋ, ಹಿಂದಿನಿಂದ ಯಾರಾದರೂ ಬಂದರೋ? ಗುರುತು ಇದೆ ಅಂದರೆ ಏನೋ ನಡೆದಿರಬೇಕು, ಏನು ನಡೆಯಿತು ಎಂದು ನಿಮಗೇ ಗೊತ್ತಿಲ್ಲದಿದ್ದರೆ ಅದು ಬರೀ ಕೊಳೆ.

ಸಾಫ್ಟ್‌ವೇರಿನವನ ಬಾಯಲ್ಲಿ ಈ ಮಾತು ಕೇಳಿ ಸಿಟ್ಟು ಬಂತು. ಆದರೆ ಮಾತು ಸರಿಯಿತ್ತು. ನಮ್ಮ ಡಿಪ್ಲೊಮಾದ ಮೊದಲ ವಾರ ಮೇಷ್ಟ್ರು ಬೋರ್ಡಿನ ಮೇಲೆ ಬರೆದದ್ದೂ ಇದನ್ನೇ ಅಲ್ಲವೇ: ಯಾರು, ಏನು, ಎಲ್ಲಿ, ಯಾವಾಗ, ಯಾಕೆ, ಹೇಗೆ.

ಆಮೇಲೆ ನಾವೊಂದು ನಿಯಮ ಮಾಡಿಕೊಂಡೆವು. ಗೊಂಬೆಗಳನ್ನು ಮತ್ತೆ ಬಣ್ಣ ಹಚ್ಚಿ ಹೊಸದಾಗಿಸಿದೆವು. ಇನ್ನು ಮುಂದೆ ಆಟದಲ್ಲಿ ಏಟು ಬಿದ್ದ ಜಾಗಕ್ಕೆ ಮಾತ್ರ ಗುರುತು. ಇದಕ್ಕೆ ಬ್ಯಾಟಲ್‌ಟೆಕ್ ಹೇಳಿ ಮಾಡಿಸಿದ ಆಟ. ಪ್ರತಿ ರೋಬೊಗೆ ಒಂದು ಹಾಳೆ ಇರುತ್ತದೆ. ಅದರಲ್ಲಿ ರೋಬೊದ ನಕ್ಷೆ, ನಕ್ಷೆಯ ತುಂಬ ಸಣ್ಣ ಸಣ್ಣ ಸೊನ್ನೆಗಳು. ಏಟು ಬಿದ್ದಷ್ಟು ಸೊನ್ನೆಗಳನ್ನು ತುಂಬುತ್ತ ಹೋಗಬೇಕು. ಏಟು ಎಲ್ಲಿ ಬಿತ್ತೆಂದು ಎರಡು ದಾಳ ಉರುಳಿಸಿ ನೋಡುತ್ತಾರೆ. ಎದುರಿನಿಂದ ಹೊಡೆದಾಗ 7 ಬಿದ್ದರೆ ಎದೆಯ ನಡುಭಾಗ, 5 ಬಿದ್ದರೆ ಬಲಗಾಲು, 9 ಬಿದ್ದರೆ ಎಡಗಾಲು, 12 ಬಿದ್ದರೆ ತಲೆ. ಎರಡು ದಾಳದಲ್ಲಿ 36 ಬಗೆ ಇದ್ದು 7 ಬೀಳಲು ಆರು ದಾರಿ, 12ಕ್ಕೆ ಒಂದೇ ದಾರಿ. ಹೀಗಾಗಿ ಎದೆ ಬೇಗ ಹಾಳಾಗುತ್ತದೆ, ತಲೆ ಅಪರೂಪ. ತಲೆಗೆ ಬಿದ್ದರೆ ಒಳಗಿನ ಚಾಲಕನಿಗೂ ಗಾಯ. ಆಟದ ಒಂದು ಸುತ್ತು ಅಂದರೆ 10 ಸೆಕೆಂಡು, ನೆಲದ ಮೇಲಿನ ಒಂದು ಷಟ್ಕೋನ ಅಂದರೆ 30 ಮೀಟರ್. ಒಂದು ನಿಮಿಷದ ಕಾಳಗಕ್ಕೆ ನಮಗೆ ಇಡೀ ಭಾನುವಾರ ಹೋಗುತ್ತದೆ.

ಭಾನುವಾರ ಆಟ, ಸೋಮವಾರದಿಂದ ಬಣ್ಣ. ಹಾಳೆ ಎದುರಿಗಿಟ್ಟುಕೊಂಡು ಯಾವ ಸುತ್ತಿನಲ್ಲಿ, ಯಾರ ಯಾವ ಆಯುಧದಿಂದ, ಎಲ್ಲಿ ಎಂದು ನೋಡಿ ಅಷ್ಟೇ ಹಚ್ಚುವುದು. ಆ ವಾರದ ಏಟಿಗೆ ಹೊಳೆಯುವ ಪೆನ್ಸಿಲ್. ಹೋದ ವಾರದ್ದಕ್ಕೆ ಹೊಳಪಿನ ಮೇಲೆ ತೆಳು ಕಿತ್ತಳೆ. ಎರಡು ತಿಂಗಳ ಹಿಂದಿನದಕ್ಕೆ ಗಾಢ ಕಂದು, ಕಪ್ಪಿಗೆ ಹತ್ತಿರ. ತುಕ್ಕಿಗೂ ವಯಸ್ಸಿದೆ ಎಂದು ಗೊತ್ತಾದದ್ದು ಹೀಗೆ. ಸರಿಯಾದ ಬಣ್ಣ ಸಿಗಲೆಂದು ಹಳೇ ಗೇಟು, ಕೊಳವೆಬಾವಿಯ ಪೈಪು, ಗುಜರಿ ಅಂಗಡಿಯ ತಗಡು ಎಲ್ಲದರ ಫೋಟೊ ತೆಗೆದೆವು. ಒಂದೇ ಮಳೆಗೆ ಬಂದ ತುಕ್ಕು ಅರಿಶಿನ ಕುಂಕುಮ ಕಲಸಿದಂತೆ, ಬೆರಳಿಗೆ ಹತ್ತುತ್ತದೆ. ಹಳೆಯದು ಕೆನೆಗಟ್ಟಿ, ಎಣ್ಣೆ ಮಣ್ಣು ಕುಡಿದು ಕಪ್ಪಾಗಿರುತ್ತದೆ. ಇದೆಲ್ಲ ಗೊಂಬೆಗೆ ಅಂತಲೇ ಕಲಿತದ್ದು.

ಹೋದ ವರ್ಷ ದಸರೆ ಮುಗಿದ ಮೇಲೆ, ಈರುಳ್ಳಿ ಎಪಿಎಂಸಿಗೆ ಬರುವ ಕಾಲ. ಒಂದು ರಾತ್ರಿ ಹತ್ತೂವರೆಗೆ ಫೋನ್. ಈರುಳ್ಳಿ ಚೀಲ ತುಂಬಿದ ಟ್ರ್ಯಾಕ್ಟರ್ ಟ್ರೇಲರ್ ಇಳಿಜಾರಿನ ಕಿರುಸೇತುವೆ ಬಳಿ ಹಳ್ಳಕ್ಕೆ ಉರುಳಿ ಚಾಲಕ ಸತ್ತಿದ್ದ. ನಮ್ಮಿಂದ 38 ಕಿಲೋಮೀಟರ್. ಎಡಿಷನ್ ಮುಗಿಯಲು ಅರ್ಧ ಗಂಟೆ. ಠಾಣೆಗೆ ಫೋನ್ ಮಾಡಿದೆವು. ಹೆಸರು, ವಯಸ್ಸು, ಊರು ಕೊಟ್ಟರು. ಕಾರಣ ಕೇಳಿದ್ದಕ್ಕೆ ಬಂದ ಉತ್ತರ ಎಲ್ಲರಿಗೂ ಬಾಯಿಪಾಠ ಇರುವಂಥದ್ದೇ: ಅತಿವೇಗ ಮತ್ತು ನಿರ್ಲಕ್ಷ್ಯದ ಚಾಲನೆ. ಆ ಹೊತ್ತಿಗೆ ಮೇಜಿನ ಮೇಲೆ ಕೊಕ್ಕರೆಯ ಎಡ ರೆಕ್ಕೆಗೆ ಬಣ್ಣ ಹಸಿಯಾಗಿತ್ತು. ಐದು ನಿಮಿಷದಲ್ಲಿ ಆರು ಸಾಲು ಟೈಪ್ ಮಾಡಿ, ಎರಡು ಡೆಸ್ಕಿಗೆ ಕಳಿಸಿ, ಮತ್ತೆ ಕುಂಚ ಹಿಡಿದೆವು. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತಿದೆ, ಆದರೆ ನಡೆದದ್ದು ಹಾಗೇ.

ಯಾರು ಟೈಪ್ ಮಾಡಿದರು ಎಂದು ಕೇಳಬೇಡಿ. ಎರಡೂ ಪತ್ರಿಕೆಯಲ್ಲಿ ಅದೇ ಆರು ಸಾಲು ಬಂತು. ‘ನಾನು’ ಎಂದು ಬರೆಯಲಾಗದೆ ಇರುವುದು ಅದಕ್ಕೇ. ಒಬ್ಬರು ‘ನಾನು’ ಅಂದರೆ ಇನ್ನೊಬ್ಬರು ತಪ್ಪಿಸಿಕೊಂಡಂತೆ ಆಗುತ್ತದೆ.

ಮೂರನೇ ದಿನ ಸತ್ತವನ ಅಣ್ಣ ಕೋಣೆ ಹುಡುಕಿಕೊಂಡು ಬಂದರು. ಕೈಯಲ್ಲಿ ಎರಡೂ ಪತ್ರಿಕೆ, ಅದೇ ಪುಟ ಮಡಚಿದ್ದವು. ಕೂಗಾಡಲಿಲ್ಲ. ನೀರು ಕೊಟ್ಟರೆ ಕುಡಿದರು. ಆಮೇಲೆ ಕೇಳಿದರು.

‘ನೀವು ಅಲ್ಲಿಗೆ ಬಂದಿದ್ರೇನ್ರಿ?’

‘ಇಲ್ರಿ.’

‘ಮತ್ತ ಅಂವ ಜೋರ ಹೊಡಿತಿದ್ದ ಅಂತ ಹೆಂಗ ಗೊತ್ತಾತು?’

ಗೆಳೆಯ ಫೋಟೊ ನೋಡಿ ಕೇಳಿದ್ದೂ ಇದನ್ನೇ. ಅವತ್ತು ಸಿಟ್ಟು ಬಂದಿತ್ತು. ಇವತ್ತು ತಲೆ ಎತ್ತಲಾಗಲಿಲ್ಲ. ಪೊಲೀಸರು ಹೇಳಿದರು ಎಂದು ಹೇಳಬಹುದಿತ್ತು. ಆದರೆ ನಮ್ಮ ಆರು ಸಾಲಿನಲ್ಲಿ ‘ಪೊಲೀಸರು ತಿಳಿಸಿದ್ದಾರೆ’ ಎಂಬ ಎರಡು ಪದ ಕೂಡ ಇರಲಿಲ್ಲ. ಜಾಗ ಉಳಿಸಲು ಬಿಟ್ಟಿದ್ದೆವು.

ಟ್ರ್ಯಾಕ್ಟರ್ ಅವರದ್ದಲ್ಲ, ತಮ್ಮ ಕೂಲಿ ಚಾಲಕ. ತಪ್ಪು ಚಾಲಕನದೇ ಎಂದಾದರೆ ಪರಿಹಾರದ ದಾರಿ ಕಿರಿದಾಗುತ್ತದೆ ಎಂದು ಯಾರೋ ಅವರಿಗೆ ಹೇಳಿದ್ದರು. ಮಾತು ಸುಳ್ಳಲ್ಲ. ಆದರೆ ಅವರು ಹೆಚ್ಚು ನೊಂದದ್ದು ಅದಕ್ಕಲ್ಲ ಅನ್ನಿಸಿತು. ತಮ್ಮನ ಬಗ್ಗೆ ಪೇಪರಿನಲ್ಲಿ ಬಂದದ್ದು ಜೀವಮಾನದಲ್ಲಿ ಒಂದೇ ಸಲ, ಅದೂ ಹೀಗೆ. ಊರಿನ ಹೋಟೆಲಿನ ಗೋಡೆಗೆ ಆ ಪುಟ ನೇತುಹಾಕಿದ್ದರಂತೆ.

ಮರುದಿನ ಬೆಳಿಗ್ಗೆ ಬೈಕ್ ಹತ್ತಿದೆವು. ಮೊದಲು ಕಿರುಸೇತುವೆಗೆ. ಡಾಂಬರಿನ ಮೇಲೆ ಬ್ರೇಕಿನ ಉದ್ದ ಗುರುತು ಇರಲಿಲ್ಲ. ಬದಲಿಗೆ ರಸ್ತೆ ನಡುವೆ ಕಬ್ಬಿಣ ಕೆರೆದುಕೊಂಡು ಹೋದ ಒಂದು ಬಿಳಿ ಗೆರೆ ಇತ್ತು, ಎಂಟು ಹತ್ತು ಹೆಜ್ಜೆ ಉದ್ದ, ಹಳ್ಳದ ಅಂಚಿನ ತನಕ. ಗೆರೆಯ ಪಕ್ಕ ಕುಳಿತು ನೋಡಿದೆವು. ಟೈರು ಮಾಡಿದ ಗುರುತಲ್ಲ ಅದು. ಟ್ರೇಲರಿನ ಮೂತಿ ನೆಲಕ್ಕೆ ಬಿದ್ದು ಎಳೆದ ಹಾಗಿತ್ತು. ಆಮೇಲೆ ಠಾಣೆಯ ಹಿಂದಿನ ಬಯಲಿಗೆ ಹೋದೆವು. ಟ್ರ್ಯಾಕ್ಟರ್ ಮತ್ತು ಟ್ರೇಲರ್ ಅಲ್ಲೇ ಬೇರೆ ಬೇರೆಯಾಗಿ ನಿಂತಿದ್ದವು. ಎರಡನ್ನೂ ಕೂಡಿಸುವ ಕೊಂಡಿಯ ಪಿನ್ನು ತುಂಡಾಗಿತ್ತು. ಒಂದು ತುಂಡು ಟ್ರ್ಯಾಕ್ಟರಿನ ಬದಿಯಲ್ಲೇ ಸಿಕ್ಕಿಕೊಂಡಿತ್ತು.

ಮುರಿದ ಮುಖ ನೋಡಿ ಇಬ್ಬರೂ ಸುಮ್ಮನಾದೆವು. ಹೆಬ್ಬೆರಳಿಗಿಂತ ದಪ್ಪದ ಆ ಉಕ್ಕಿನ ಒಂದು ಬದಿ ಹೊಸ ತುಕ್ಕು, ತೆಳು ಕಿತ್ತಳೆ, ನಾಲ್ಕು ದಿನದ್ದು. ಅದರ ಕೆಳಗೆ ಉಕ್ಕು ಇನ್ನೂ ಹೊಳೆಯುತ್ತಿತ್ತು. ಉಳಿದ ಅರ್ಧಕ್ಕಿಂತ ಹೆಚ್ಚು ಭಾಗ ಗಾಢ ಕಂದು, ಕಪ್ಪು, ಗ್ರೀಸು ಮಣ್ಣು ಕುಡಿದು ನುಣುಪಾಗಿತ್ತು. ಇದೇ ಎರಡು ಬಣ್ಣವನ್ನು ಆರು ತಿಂಗಳಿಂದ ಟಿಫಿನ್ ಮುಚ್ಚಳದಲ್ಲಿ ಕಲಸುತ್ತಿದ್ದೆವು. ಅಲ್ಲಿ ಬಿರುಕು ತಿಂಗಳುಗಳಿಂದ ಇತ್ತು. ಆ ರಾತ್ರಿ ಮುರಿದದ್ದು ಉಳಿದಿದ್ದ ಚೂರು.

ಫೋಟೊ ತೆಗೆದೆವು, ಪಕ್ಕದಲ್ಲಿ ನಾಣ್ಯ ಇಟ್ಟು. ವಾಪಸ್ ಬಂದು ಪರಿಚಯದ ಲೇಥ್ ಅಂಗಡಿಯ ಹಿರಿಯರಿಗೆ ತೋರಿಸಿದೆವು. ಕನ್ನಡಕ ಏರಿಸಿ ನೋಡಿ ಹೇಳಿದರು, ‘ಇದು ಮೊದಲ ಸತ್ತಿತ್ತು, ಆವತ್ತ ಬಿತ್ತು ಅಷ್ಟ.’ ಪಿನ್ನು ಮುರಿದದ್ದರಿಂದಲೇ ಟ್ರ್ಯಾಕ್ಟರ್ ಉರುಳಿತು ಎಂದು ಹೇಳುವ ಅಧಿಕಾರ ನಮಗಿಲ್ಲ, ಅವರಿಗೂ ಇಲ್ಲ. ಅದು ಮೋಟಾರು ವಾಹನ ನಿರೀಕ್ಷಕರ ಕೆಲಸ. ನಾವು ಕಂಡದ್ದು ಎರಡೇ. ಪಿನ್ನಿನಲ್ಲಿ ಹಳೆಯ ಬಿರುಕು ಇತ್ತು. ರಸ್ತೆಯಲ್ಲಿ ಕಬ್ಬಿಣ ಎಳೆದ ಗೆರೆ ಇತ್ತು. ಅಷ್ಟನ್ನೇ ಬರೆದೆವು, ಯಾರು ಏನು ಹೇಳಿದರು ಎಂದು ಪ್ರತಿ ಸಾಲಿಗೂ ಹೆಸರು ಹಚ್ಚಿ. ಮೊದಲ ವರದಿಯಲ್ಲಿ ಕಾರಣವನ್ನು ಪರಿಶೀಲಿಸದೆ ಬರೆಯಲಾಗಿತ್ತು ಎಂದೂ ಸೇರಿಸಿದೆವು.

ಒಂದು ಪತ್ರಿಕೆಯಲ್ಲಿ ಒಳಪುಟದಲ್ಲಿ ಏಳು ಸಾಲು ಬಂತು, ಕೊನೆಯ ವಾಕ್ಯ ಇರಲಿಲ್ಲ. ಇನ್ನೊಂದರಲ್ಲಿ ಬರಲೇ ಇಲ್ಲ. ‘ಫಾಲೋಅಪ್‌ಗೆ ಜಾಗ ಇಲ್ಲ’ ಅಂದರು. ಫೋಟೊಗಳನ್ನು ಪ್ರಿಂಟ್ ಹಾಕಿಸಿ ಅಣ್ಣನಿಗೆ ಕೊಟ್ಟೆವು, ವಕೀಲರಿಗೆ ಕೊಡಿ ಎಂದು. ಪ್ರಕರಣ ಇನ್ನೂ ನಡೆಯುತ್ತಿದೆ. ಏಳು ಸಾಲು ಬಂದ ಪುಟವನ್ನು ಆ ಹೋಟೆಲಿನವರು ನೇತುಹಾಕಿದರೋ ಇಲ್ಲವೋ ಎಂದು ಕೇಳುವ ಧೈರ್ಯ ನಮಗಾಗಲಿಲ್ಲ.

ಆ ಭಾನುವಾರ ಆಟ ಇರಲಿಲ್ಲ. ಮುಂದಿನ ಭಾನುವಾರ ಆಡಿದೆವು. ನಾಲ್ಕನೇ ಸುತ್ತಿನಲ್ಲಿ ಮುಂಡರಗಿ ಬಸ್ಸು ಸಿಡಿಲಿನ ಮೇಲೆ ಗುಂಡು ಹಾರಿಸಿತು, ದಾಳ 5 ಬಿತ್ತು. ಬಲಗಾಲು. ಮೊದಲೇ ಜಖಂ ಆಗಿದ್ದ ಕಾಲು ಕೊನೆಯ ಸೊನ್ನೆ ತುಂಬಿ ಮುರಿಯಿತು. ಹಾಳೆಯಲ್ಲಿ ಬರೆದೆವು. ಸೋಮವಾರ ರಾತ್ರಿ ನಿಯಮದ ಪ್ರಕಾರ ಕಾಲಿನ ಹಳೆಯ ಬಣ್ಣ ತೆಗೆದು, ಪ್ರೈಮರ್ ಹೊಡೆದು, ಮುರಿದ ಗುರುತು ಬರೆಯಲು ಕುಳಿತೆವು. ಹಳೇ ಏಟಿನ ಮೇಲೆ ಹೊಸ ಏಟು. ಅರ್ಧ ಗಾಢ ಕಂದು, ಅರ್ಧ ತೆಳು ಕಿತ್ತಳೆ, ಅದರಡಿಯಲ್ಲಿ ಉಕ್ಕಿನ ಹೊಳಪು. ಮುಚ್ಚಳದಲ್ಲಿ ಎರಡೂ ಬಣ್ಣ ಸಿದ್ಧವಾದವು. ನಾವು ಇಷ್ಟು ದಿನದಲ್ಲಿ ಕಲಸಿದ್ದರಲ್ಲೇ ಅತಿ ಸರಿಯಾದ ಬಣ್ಣ. ನೋಡಿದ್ದನ್ನು ನೋಡಿದ ಹಾಗೇ ತೆಗೆದಿತ್ತು.

ಕುಂಚ ಹಿಡಿದ ಕೈ ಮುಂದೆ ಹೋಗಲಿಲ್ಲ.

ಆ ರಾತ್ರಿ ವಾದ ಮಾಡಿದೆವು. ಹಚ್ಚಬೇಕು ಎಂಬುದು ಒಂದು ವಾದ. ನಿಯಮ ಇರುವುದೇ ನಡೆದದ್ದನ್ನು ಬರೆಯಲು, ಈ ಏಟಿಗೆ ಹಾಳೆಯಲ್ಲಿ ದಾಖಲೆ ಇದೆ, ಬಣ್ಣ ಎಲ್ಲಿ ಕಲಿತೆವು ಎಂಬುದು ಬೇರೆ ಮಾತು. ಹಚ್ಚಬಾರದು ಎಂಬುದು ಇನ್ನೊಂದು ವಾದ. ಆ ಪಿನ್ನು ಒಬ್ಬರ ಮನೆಯದ್ದು, ಅದನ್ನು ತಂದು ಗೊಂಬೆಗೆ ಚೆಂದ ಮಾಡುವುದು ನಮ್ಮ ಕೆಲಸ ಅಲ್ಲ. ಯಾರು ಯಾವ ಕಡೆ ಎಂಬುದು ರಾತ್ರಿ ಮುಗಿಯುವುದರೊಳಗೆ ಎರಡು ಸಲ ಅದಲುಬದಲಾಯಿತು. ಬಣ್ಣ ಮುಚ್ಚಳದಲ್ಲೇ ಒಣಗಿತು. ಬೆಳಿಗ್ಗೆ ಬಟರ್ ಪೇಪರ್ ಎಸೆದೆವು.

ಇಂಥ ಗೊಂದಲಕ್ಕೆ ವೆಲ್ಸ್‌ನ ಮಾತಿನಲ್ಲಿ ಉತ್ತರ ಇದೆಯೇ ಎಂದು ಆಮೇಲೆ ಯೋಚಿಸಿದ್ದೇವೆ. ಆಟ ಆಡಿದರೆ ನಿಜದ ಬೆಲೆ ತಿಳಿಯುತ್ತದೆ ಎಂದು ಅವನು ನಂಬಿದ್ದ. ನಮ್ಮ ಅನುಭವ ಸ್ವಲ್ಪ ಬೇರೆ. ಗೊಂಬೆಯ ಮೇಲೆ ಕಾರಣವಿಲ್ಲದ ಒಂದು ಗೀರನ್ನೂ ಸಹಿಸದ ನಾವು, ಅದೇ ಮೇಜಿನಲ್ಲಿ ಕುಳಿತು, ಅದೇ ರಾತ್ರಿ, ಸತ್ತ ಮನುಷ್ಯನ ಮೇಲೆ ಕಾರಣ ಕೇಳದೆ ಒಂದು ಗೀರು ಎಳೆದಿದ್ದೆವು. ಆಟ ತಾನಾಗಿ ಏನನ್ನೂ ಕಲಿಸಿರಲಿಲ್ಲ. ಅಣ್ಣ ಬಂದು ಕೇಳಬೇಕಾಯಿತು. ಹೋಗಿ ನೋಡಿದ ಮೇಲೆ ಕಣ್ಣಿಗೆ ಅಭ್ಯಾಸ ಇದ್ದದ್ದು ಉಪಯೋಗಕ್ಕೆ ಬಂತು, ಅಷ್ಟು ಮಾತ್ರ ನಿಜ.

ಈಗಲೂ ಭಾನುವಾರ ಆಡುತ್ತೇವೆ. ಸಿಡಿಲು ಕೂಡ ಆಡುತ್ತದೆ, ಬೂದು ಕಾಲಿನಲ್ಲೇ. ಹಾಳೆಗಳನ್ನೆಲ್ಲ ಫೈಲ್ ಮಾಡಿ ಇಟ್ಟಿದ್ದೇವೆ. ಅದೇ ಕಪಾಟಿನಲ್ಲಿ ನೋಟ್‌ಬುಕ್‌ಗಳಿವೆ. ಅಪಘಾತದ ಸುದ್ದಿಗೆ ಒಂದು ಹೊಸ ನಿಯಮ ಮಾಡಿಕೊಂಡಿದ್ದೇವೆ: ಹೋಗಿ ನೋಡದಿದ್ದರೆ ಕಾರಣ ಬರೆಯುವುದಿಲ್ಲ, ‘ತನಿಖೆ ನಡೆದಿದೆ’ ಎಂದು ನಿಲ್ಲಿಸುತ್ತೇವೆ. ಡೆಸ್ಕಿನಿಂದ ಬೈಗುಳ ಬರುತ್ತದೆ. ಬೇರೆ ಪತ್ರಿಕೆಯಲ್ಲಿ ಕಾರಣ ಬಂದಿದೆ, ನಿಮ್ಮದರಲ್ಲಿ ಯಾಕಿಲ್ಲ ಎಂದು ಕೇಳುತ್ತಾರೆ. ಎರಡು ಪತ್ರಿಕೆಯಲ್ಲಿ ಒಟ್ಟಿಗೆ ಇಲ್ಲದಿರುವುದರಿಂದ ಬೈಗುಳ ಅರ್ಧಕ್ಕೆ ಇಳಿಯುತ್ತದೆ. ಒಂದೇ ಕೋಣೆಯಲ್ಲಿ ಇಬ್ಬರು ಇರುವುದರ ಅನುಕೂಲ ಅದು.

ಹೋದ ವಾರ ರಾತ್ರಿ ಒಂಬತ್ತಕ್ಕೆ ಮತ್ತೆ ಫೋನ್ ಬಂತು. ಬೈಕು, ಟಂಟಂ, ಇಬ್ಬರಿಗೆ ಗಾಯ. ಮುಂಡರಗಿ ಬಸ್ಸಿನ ಎದೆಗೆ ಕಿತ್ತಳೆ ಬಣ್ಣ ಹಚ್ಚುತ್ತಿದ್ದೆವು. ಮುಚ್ಚಳ ಮುಚ್ಚಿ, ಕುಂಚ ತೊಳೆದಿಟ್ಟು, ಕೀಲಿಕೈ ತಗೊಂಡೆವು. 22 ಕಿಲೋಮೀಟರ್. ಹೋಗಿ ಬರುವಷ್ಟರಲ್ಲಿ ಬಣ್ಣ ಹಸಿಯಾಗೇ ಇತ್ತು.